ರಾಜಾ ರವಿವರ್ಮರಿಗೆ ಬಂದ ಆಸ್ತಿ

ಹಿರಿಯರಿಂದ ಕಿರಿಯರಿಗೆ ಬರುವ ಆಸ್ತಿಯು ಎರಡು ಬಗೆಯದಾಗಿದೆ. ಹೊಲ, ಮನೆ, ಒಡವೆ, ದನಕರುಗಳು ಮೊದಲನೆಯ ಬಗೆಯವು. ಇವುಗಳಿಗೆ ಕಾಗದಪತ್ರಗಳುಂಟು, ಸಾಕ್ಷಿಗಳುಂಟು, ಪಾಲುಪಟ್ಟಿಯುಂಟು. ಪಾಲು ಮಾಡಿದಷ್ಟೂ ಇವು ಕಡಿಮೆಯಾಗುತ್ತವೆ. ಎರಡನೆಯ ಬಗೆಯ ಆಸ್ತಿಯು ಯಾವ ಪತ್ರದಲ್ಲಿಯೂ ಬರೆದಿರುವುದಿಲ್ಲ. ಅಜ್ಜನ ಹಾಡಿನ ಒಲವು, ತಾಯಿಯ ಓದಿನ ಹಂಬಲ, ಸೋದರಮಾವನ ಕೈಯ ಕುಶಲತೆ ಇವು ಒಬ್ಬರಿಂದೊಬ್ಬರಿಗೆ ಸದ್ದಿಲ್ಲದೆ ಹರಿದುಬರುತ್ತವೆ. ಕೊಟ್ಟವನಿಗೆ ಇದರಿಂದ ಕೊರತೆಯಿಲ್ಲ. ಪಡೆದವನು ಮಾತ್ರ ದುಡಿದೇ ಇದನ್ನು ತನ್ನದಾಗಿಸಿಕೊಳ್ಳಬೇಕು. ದುಡಿಯದವನ ಕೈಯಲ್ಲಿ ಈ ಆಸ್ತಿಯು ಒಂದು ದಿನವೂ ಉಳಿಯದು. ಇದಕ್ಕೆ ನಿದರ್ಶನವಾಗಿ ನಮ್ಮ ದೇಶದ ಸುಪ್ರಸಿದ್ಧ ಚಿತ್ರಕಾರರಾದ ರಾಜಾ ರವಿವರ್ಮರ ಜೀವನಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ರವಿವರ್ಮರ ಹೆಸರನ್ನು ಕೇಳದವರು ಇರಬಹುದು. ಅವರ ಚಿತ್ರಗಳನ್ನು ಕಾಣದವರು ವಿರಳ. ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದು ಕುಳಿತ ಸರಸ್ವತಿ, ಕಾಲಿನ ಮುಳ್ಳನ್ನು ತೆಗೆಯುವ ನೆವದಿಂದ ಹಿಂತಿರುಗಿ ದುಷ್ಯಂತನನ್ನು ನೋಡುವ ಶಕುಂತಲೆ ಇವೆಲ್ಲ ಮೊದಲು ಅವರ ಕುಂಚದಿಂದ ಮೂಡಿ, ಬಳಿಕ ಅಚ್ಚಾಗಿ ಊರೂರಿಗೆ ಹರಡಿದವು. ಅಂಗಡಿಯ ಗೋಡೆಯಲ್ಲಿಯೂ ಮನೆಯ ಪಡಸಾಲೆಯಲ್ಲಿಯೂ ಗಾಜಿನ ಕಟ್ಟಿನೊಳಗೆ ನೇತಾಡುತ್ತಿದ್ದ ಎಷ್ಟೋ ದೇವತಾಚಿತ್ರಗಳ ಮೂಲ ಅಲ್ಲಿಯೇ ಇದೆ. ಆದರೆ ಆ ಕೈಗೆ ಮೊದಲು ಕುಂಚವನ್ನು ಕೊಟ್ಟವರು ಯಾರೆಂಬುದನ್ನು ಬಲ್ಲವರು ಕೆಲವರೇ.

ತಿರುವನಂತಪುರದಿಂದ ಉತ್ತರಕ್ಕೆ ಕಿಳಿಮಾನೂರು ಎಂಬ ಊರಿದೆ. ಅಲ್ಲಿನ ಅರಮನೆಯವರು ತಿರುವಾಂಕೂರು ರಾಜಮನೆತನಕ್ಕೆ ಬಹುಕಾಲದಿಂದ ಸಂಬಂಧಿಗಳು. ಆ ಮನೆಯಲ್ಲಿ 1848ನೆಯ ಇಸವಿ ಏಪ್ರಿಲ್ 29ರಂದು ರವಿವರ್ಮರು ಜನಿಸಿದರು. ತಂದೆ ನೀಲಕಂಠ ಭಟ್ಟತಿರಿಪಾಡರು ಸಂಸ್ಕೃತ ವಿದ್ವಾಂಸರು. ತಾಯಿ ಉಮಯಾಂಬಾ ತಂಬುರಾಟ್ಟಿಯವರು ಕವಯಿತ್ರಿ. ಪಾರ್ವತೀಪರಿಣಯದ ಕಥೆಯನ್ನು ಮಲೆಯಾಳದಲ್ಲಿ ತುಳ್ಳಲ್ ಎಂಬ ಆಟದ ಹಾಡಾಗಿ ರಚಿಸಿದ್ದರು. ಮನೆಯಲ್ಲಿ ಕಾವ್ಯಪುರಾಣಗಳ ಶ್ರವಣವೂ ಕಥಕಳಿಯ ವೇಷಗಳೂ ನಿತ್ಯದ ಸಂಗತಿಗಳಾಗಿದ್ದವು. ಮುಂದೆ ರವಿವರ್ಮರು ಬರೆದ ದಮಯಂತಿ, ದ್ರೌಪದಿ, ಶಕುಂತಲೆಯರ ಪರಿಚಯ ಅವರಿಗಾದದ್ದು ಈ ಮನೆಯ ಅಂಗಳದಲ್ಲಿಯೇ.

ನಮ್ಮ ತುಳುನಾಡಿನ ಅಳಿಯಸಂತಾನದಂತೆ ಕೇರಳದ ಆ ಮನೆತನಗಳಲ್ಲಿಯೂ ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಪದ್ಧತಿಯಿದ್ದಿತು. ಮಕ್ಕಳು ತಾಯಿಯ ಮನೆಗೆ ಸೇರಿದವರು. ಅವರ ಪಾಲನೆಯ ಹೊಣೆ ತಾಯಿಯ ಅಣ್ಣತಮ್ಮಂದಿರದು. ಆದುದರಿಂದ ಬಾಲಕನ ಜೀವನದಲ್ಲಿ ಸೋದರಮಾವನ ಸ್ಥಾನ ಬಲು ದೊಡ್ಡದಾಗಿದ್ದಿತು. ಆ ಸೋದರಮಾವನ ಹೆಸರು ರಾಜರಾಜವರ್ಮ. ಅವರು ವೃತ್ತಿಯಿಂದ ಚಿತ್ರಕಾರರಲ್ಲ; ಒಲವಿನಿಂದ ಚಿತ್ರಕಾರರು. ತಂಜಾವೂರು ಸಂಪ್ರದಾಯದ ಚಿತ್ರಗಳನ್ನು ಬರೆಯುವುದರಲ್ಲಿ ಅವರ ಕೈ ಪಳಗಿದ್ದಿತು. ನಮ್ಮ ಮೈಸೂರು ಸಂಪ್ರದಾಯಕ್ಕೆ ಹತ್ತಿರದ ಬಂಧುವಾದ ಆ ಶೈಲಿಯಲ್ಲಿ ದೇವತೆಗಳು ಎದುರುಮುಖವಾಗಿ ನಿಲ್ಲುತ್ತಾರೆ, ಬಣ್ಣಗಳು ಸಮತಟ್ಟಾಗಿರುತ್ತವೆ, ಒಡವೆ ಪ್ರಭಾವಳಿಗಳಿಗೆ ಚಿನ್ನದ ರೇಕು ಹಚ್ಚುವರು, ನೆರಳಿಗೆ ಅಲ್ಲಿ ಹೆಚ್ಚಿನ ಸ್ಥಾನವಿಲ್ಲ.

ಬಾಲಕ ರವಿವರ್ಮನು ಇದ್ದಲು ಚೂರನ್ನು ಹಿಡಿದು ಸುಣ್ಣ ಬಳಿದ ಬಿಳಿಯ ಗೋಡೆಗಳ ಮೇಲೆಲ್ಲ ಪ್ರಾಣಿಗಳ, ಮನುಷ್ಯರ ಆಕಾರಗಳನ್ನು ಬರೆಯುತ್ತಿದ್ದನಂತೆ. ಗೋಡೆ ಕೆಟ್ಟಿತೆಂದು ಆಳುಕಾಳುಗಳು ದೂರು ತಂದರು. ಮಾವನು ದೂರನ್ನು ವಿಚಾರಿಸಲು ಬಂದು ಗೋಡೆಯನ್ನು ನೋಡಿದರು; ನೋಡಿ ಗದರಿಸಲಿಲ್ಲ. ಇತರರ ಕಣ್ಣಿಗೆ ಮಸಿಯಾಗಿ ಕಂಡದ್ದು ಅವರ ಕಣ್ಣಿಗೆ ರೇಖೆಯಾಗಿ ಕಂಡಿತು. ತಾನು ಕುಂಚ ಹಿಡಿದು ಬಲ್ಲವನಾದುದರಿಂದಲೇ ಆ ರೇಖೆಯ ಓಟದಲ್ಲಿ ಅಡಗಿದ್ದ ಶಕ್ತಿಯನ್ನು ಅವರು ಗುರುತಿಸಿದರು. ಅವರು ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದ ಚಿತ್ರವೊಂದರಲ್ಲಿ ಹುಡುಗನು ಪಕ್ಷಿಯೊಂದನ್ನು ಬರೆದು ಪೂರ್ತಿಗೊಳಿಸಿದನೆಂದೂ, ತಿರುಗಿ ಬಂದ ಮಾವನು ಕೋಪಗೊಳ್ಳುವುದಕ್ಕೆ ಬದಲಾಗಿ ಹರ್ಷಪಟ್ಟರೆಂದೂ ಇನ್ನೊಂದು ಕಥೆಯನ್ನು ಹೇಳುತ್ತ ಬಂದಿದ್ದಾರೆ. ಅಂದಿನಿಂದ ಪಾಠ ಮೊದಲಾಯಿತು. ರೇಖೆ ಎಳೆಯುವ ಬಗೆ, ಸೊಪ್ಪು ಹೂವು ತೊಗಟೆ ಮಣ್ಣುಗಳಿಂದ ಬಣ್ಣ ಮಾಡಿಕೊಳ್ಳುವ ಬಗೆ, ಜಲವರ್ಣದ ಹದ, ಇವೆಲ್ಲವನ್ನೂ ಮಾವನು ಅಳಿಯನಿಗೆ ಕಲಿಸಿದರು.

ಇಲ್ಲಿಗೇ ನಿಂತಿದ್ದರೆ ರವಿವರ್ಮರು ಮಾವನಂತೆಯೇ ಒಬ್ಬ ಒಳ್ಳೆಯ ಹವ್ಯಾಸಿ ಚಿತ್ರಕಾರರಾಗಿ ಕಿಳಿಮಾನೂರಿನಲ್ಲಿ ಉಳಿಯುತ್ತಿದ್ದರು. ಆದರೆ ರಾಜರಾಜವರ್ಮರಲ್ಲಿ ಕಲೆಯ ಪ್ರೇಮಕ್ಕಿಂತಲೂ ಅಪರೂಪವಾದ ಒಂದು ಗುಣವಿದ್ದಿತು. ತಾನು ಎಲ್ಲಿಯವರೆಗೆ ಕಲಿಸಬಲ್ಲೆನೆಂಬುದನ್ನು ಅವರು ಅರಿತಿದ್ದರು. ಆ ಎಲ್ಲೆಯನ್ನು ಮುಟ್ಟಿದೊಡನೆ, 1862ರಲ್ಲಿ, ಹದಿನಾಲ್ಕು ವರ್ಷದ ಅಳಿಯನ ಕೈ ಹಿಡಿದು ತಿರುವನಂತಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಆಗ ಆಳುತ್ತಿದ್ದವರು ಕಲಾಪ್ರೇಮಿಗಳಾದ ಆಯಿಲ್ಯಂ ತಿರುನಾಳ್ ಮಹಾರಾಜರು. ಹುಡುಗನ ಕೈಚಳಕವನ್ನು ಕಂಡ ಮಹಾರಾಜರು ಅವನನ್ನು ರಾಜಧಾನಿಯಲ್ಲಿಯೇ ನಿಲ್ಲಿಸಿಕೊಂಡು, ಅರಮನೆಯಲ್ಲಿದ್ದ ಚಿತ್ರಗಳನ್ನೂ ಪಾಶ್ಚಾತ್ಯ ಚಿತ್ರಗ್ರಂಥಗಳನ್ನೂ ನೋಡಲು ಅನುಮತಿಯಿತ್ತರು. ಮಗುವನ್ನು ತನ್ನ ಬಳಿಯಲ್ಲಿಯೇ ಇಟ್ಟುಕೊಂಡು ತನ್ನಂತೆಯೇ ಮಾಡಬೇಕೆಂಬ ಮೋಹವು ಎಲ್ಲ ಹಿರಿಯರಿಗೂ ಸಹಜವಾದುದು. ಆ ಮೋಹವನ್ನು ಬಿಟ್ಟುಕೊಟ್ಟುದೇ ಈ ಸೋದರಮಾವನು ಕೊಟ್ಟ ಆಸ್ತಿಗಳಲ್ಲಿ ಬೆಲೆಯುಳ್ಳದ್ದು.

ರಾಜಧಾನಿಯಲ್ಲಿ ರವಿವರ್ಮರನ್ನು ಸೆಳೆದದ್ದು ತೈಲವರ್ಣ. ಎಣ್ಣೆಯಲ್ಲಿ ಕಲೆಸಿದ ಬಣ್ಣವು ನಿಧಾನವಾಗಿ ಒಣಗುತ್ತದೆ. ಆದುದರಿಂದ ಒಂದು ಛಾಯೆಯನ್ನು ಇನ್ನೊಂದರಲ್ಲಿ ಬೆರೆಸಿ, ಪದರದ ಮೇಲೆ ಪದರ ಹಚ್ಚಿ, ಮೈಯ ಹೊಳಪನ್ನೂ ರೇಷ್ಮೆಯ ಮಡಿಕೆಯನ್ನೂ ಮುತ್ತಿನ ಕಾಂತಿಯನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸಬಹುದು. ಮಾವನು ಕಲಿಸಿದ ಸಂಪ್ರದಾಯದಲ್ಲಿ ಇದಕ್ಕೆ ದಾರಿಯಿರಲಿಲ್ಲ. ಆಸ್ಥಾನದಲ್ಲಿದ್ದ ರಾಮಸ್ವಾಮಿ ನಾಯ್ಕರ್ ಎಂಬ ಚಿತ್ರಕಾರರು ಇದನ್ನು ಬಲ್ಲವರು. ಆದರೆ ತರುಣನು ತನಗೆ ಪ್ರತಿಸ್ಪರ್ಧಿಯಾಗುವನೆಂದು ಅಳುಕಿ ಅವರು ಕಲಿಸಲು ಒಪ್ಪಲಿಲ್ಲ. ಅವರ ಶಿಷ್ಯರಾದ ಆರುಮುಗಂ ಪಿಳ್ಳೆಯವರು ರಾತ್ರಿಯ ಹೊತ್ತು ಗುಟ್ಟಾಗಿ ಬಂದು ತಮಗೆ ತಿಳಿದಷ್ಟನ್ನು ಹೇಳಿಕೊಡುತ್ತಿದ್ದರಂತೆ. 1868ರಲ್ಲಿ ಥಿಯೋಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರರು ಮಹಾರಾಜರ ಭಾವಚಿತ್ರ ಬರೆಯಲು ಬಂದರು. ಅವರೂ ಕಲಿಸಲಿಲ್ಲ, ತಾವು ಬರೆಯುವಾಗ ಪಕ್ಕದಲ್ಲಿ ನಿಂತು ನೋಡಲು ಮಾತ್ರ ಒಪ್ಪಿದರು. ರವಿವರ್ಮರಿಗೆ ಅಷ್ಟೇ ಸಾಕಾಯಿತು. ನೋಡಿದ್ದನ್ನು ಮನೆಗೆ ಬಂದು ಮಾಡುವುದು, ತಪ್ಪಿದರೆ ಒರಸಿ ಮತ್ತೆ ಮಾಡುವುದು. ಹೀಗೆ ವರ್ಷಗಟ್ಟಲೆ ನಡೆಯಿತು. ಒಬ್ಬನು ಗೋಡೆಯ ಮೇಲಿನ ಮಸಿಯನ್ನು ಮನ್ನಿಸಿ ವಿದ್ಯೆಯನ್ನು ಧಾರೆಯೆರೆದನು. ಇನ್ನೊಬ್ಬನು ವಿದ್ಯೆಯನ್ನು ಮುಚ್ಚಿಟ್ಟನು. ಎರಡನ್ನೂ ಕಂಡ ರವಿವರ್ಮರು ತಮ್ಮ ಪಾಲಿಗೆ ಬಂದಾಗ ಯಾರ ದಾರಿಯನ್ನು ಹಿಡಿದರೆಂಬುದನ್ನು ಮುಂದೆ ನೋಡುವೆವು.

1866ರಲ್ಲಿ ಮಾವೇಲಿಕ್ಕರ ರಾಜಮನೆತನದ ಭಾಗೀರಥೀಬಾಯಿಯವರೊಡನೆ ಅವರ ವಿವಾಹವಾಯಿತು. 1870ರಲ್ಲಿ ಅವರು ಕನ್ನಡನಾಡಿನ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ನಲವತ್ತೊಂದು ದಿನ ವ್ರತದಿಂದಿದ್ದು ಉಪಾಸನೆ ಮಾಡಿದರು. ಹಿಂದಿರುಗುವಾಗ ಕಲ್ಲಿಕೋಟೆಯಲ್ಲಿ ನ್ಯಾಯಾಧೀಶರೊಬ್ಬರ ಕುಟುಂಬದ ಚಿತ್ರವನ್ನು ಬರೆದುಕೊಟ್ಟು ಸಂಭಾವನೆ ಪಡೆದರು. ಹಣ ಪಡೆದು ಮಾಡಿದ ಅವರ ಮೊದಲ ಕೆಲಸವಿದು. ರಾಜಬಂಧುವಾದವನು ಕೂಲಿಗೆ ಚಿತ್ರ ಬರೆಯುವುದೆಂದರೆ ಆ ಕಾಲದ ದೊಡ್ಡ ಮನೆತನಗಳಿಗೆ ಒಪ್ಪುವ ಸಂಗತಿಯಲ್ಲ. ಚಿತ್ರ ಬರೆಯುವುದು ಹವ್ಯಾಸವಾಗಿದ್ದರೆ ಗೌರವ; ಅದೇ ಜೀವನೋಪಾಯವಾದರೆ ಹಗುರು ಎಂಬ ಭಾವನೆಯಿದ್ದಿತು. ರವಿವರ್ಮರು ಆ ಭಾವನೆಯನ್ನು ಲೆಕ್ಕಿಸಲಿಲ್ಲ. ಕಾಯಕವನ್ನು ಕೀಳೆಂದೆಣಿಸದ ನಮ್ಮ ಶರಣಪರಂಪರೆಯ ವಾಚಕರಿಗೆ ಈ ಹೆಜ್ಜೆಯ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾವನಿಗೆ ಬಿಡುವಿನ ವೇಳೆಯ ಸಂತೋಷವಾಗಿದ್ದುದು ಅಳಿಯನಿಗೆ ಜೀವಮಾನದ ದುಡಿಮೆಯಾಯಿತು.

1873ರಲ್ಲಿ ಮದರಾಸಿನ ಕಲಾಪ್ರದರ್ಶನದಲ್ಲಿ, ಮುಡಿಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಸ್ತ್ರೀಯ ಚಿತ್ರಕ್ಕೆ ರಾಜ್ಯಪಾಲರ ಸುವರ್ಣಪದಕ ದೊರೆಯಿತು. ಅದೇ ಚಿತ್ರಕ್ಕೆ ಆ ವರ್ಷ ವಿಯೆನ್ನಾದ ಪ್ರದರ್ಶನದಲ್ಲಿಯೂ ಪ್ರಶಸ್ತಿ ಬಂದಿತು. 1876ರಲ್ಲಿ ಶಕುಂತಲೆಯು ಪ್ರೇಮಪತ್ರ ಬರೆಯುವ ಚಿತ್ರವನ್ನು ಮದರಾಸಿನ ರಾಜ್ಯಪಾಲರಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕರೇ ಕೊಂಡರು. 1893ರಲ್ಲಿ ಅಮೆರಿಕೆಯ ಷಿಕಾಗೋ ಮಹಾಪ್ರದರ್ಶನಕ್ಕೆ ಹೋದ ಅವರ ಹತ್ತು ಚಿತ್ರಗಳೂ ಮನ್ನಣೆ ಪಡೆದವು. ಪ್ರಶಸ್ತಿಗಳ ಪಟ್ಟಿ ಇನ್ನೂ ಉದ್ದವಾಗಿದೆ. ಅದನ್ನು ಇಲ್ಲಿಗೆ ನಿಲ್ಲಿಸುವುದು ಲೇಸು.

ಹೆಚ್ಚಾಗಿ ನೆನೆಯಬೇಕಾದದ್ದು ಅವರ ತಮ್ಮನ ವಿಷಯ. 1860ರಲ್ಲಿ ಹುಟ್ಟಿದ ಆ ತಮ್ಮನಿಗೆ ಸೋದರಮಾವನ ಹೆಸರನ್ನೇ ಇಟ್ಟಿದ್ದರು: ರಾಜರಾಜವರ್ಮ. ಅಣ್ಣನಿಗಿಂತ ಹನ್ನೆರಡು ವರ್ಷ ಕಿರಿಯನಾದ ಅವನಿಗೆ ಅಣ್ಣನೇ ಗುರುವಾದರು. ನಾಯ್ಕರಂತೆ ಏನನ್ನೂ ಮುಚ್ಚಿಡಲಿಲ್ಲ. ಮಾವನಂತೆ ಎಲ್ಲವನ್ನೂ ಕೊಟ್ಟರು. ತಮ್ಮನು ನಿಸರ್ಗದೃಶ್ಯಗಳಲ್ಲಿ ವಿಶೇಷ ಕುಶಲನಾದನು. ಅಣ್ಣನ ಅನೇಕ ಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ಬೆಟ್ಟ, ಹೊಳೆ, ಆಕಾಶಗಳು ಅವನ ಕೈಯವು. ಕೆಲವು ಚಿತ್ರಗಳಿಗೆ ಇಬ್ಬರ ಸಹಿಯೂ ಉಂಟು. ಪ್ರಯಾಣ, ಪತ್ರವ್ಯವಹಾರ, ಲೆಕ್ಕಪತ್ರಗಳ ಭಾರವನ್ನು ಹೊತ್ತವನೂ ಅವನೇ. ಅವನು ಇಂಗ್ಲಿಷಿನಲ್ಲಿ ಬರೆದಿಟ್ಟ ದಿನಚರಿಯು ಉಳಿದು ಬಂದು ಅಚ್ಚಾಗಿರುವುದರಿಂದಲೇ, ಈ ಸೋದರರು ದಿನದಿನವೂ ಹೇಗೆ ದುಡಿದರೆಂಬುದು ನಮಗೆ ತಿಳಿದಿದೆ.

1880ರಲ್ಲಿ ಆಯಿಲ್ಯಂ ತಿರುನಾಳರು ತೀರಿಕೊಂಡ ಮೇಲೆ ತಿರುವನಂತಪುರದ ಆಶ್ರಯ ಮೊದಲಿನಂತೆ ಉಳಿಯಲಿಲ್ಲ. ಅಣ್ಣತಮ್ಮಂದಿರು ದೇಶಸಂಚಾರಕ್ಕೆ ಹೊರಟರು. 1881ರಲ್ಲಿ ಬರೋಡೆಗೆ ಹೋದರು. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದು ರಾಜಕುಟುಂಬದ ಭಾವಚಿತ್ರಗಳನ್ನು ಬರೆದರು. 1888ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಕುರಿತು 14 ಚಿತ್ರಗಳನ್ನು ಬರೆಯಲು ಒಪ್ಪಿಸಿದರು. ಪುರಾಣದ ಸ್ತ್ರೀಪುರುಷರು ಯಾವ ಉಡುಪು ಉಟ್ಟಿದ್ದರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಅವರು ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿದರು. ಕೊನೆಗೆ ಸೀರೆಯನ್ನೇ ಆರಿಸಿಕೊಂಡು ಸೀತೆಗೂ ದಮಯಂತಿಗೂ ಉಡಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವರ ಗಾಯಕಿಯರ ಚಿತ್ರದಲ್ಲಿ ಹನ್ನೊಂದು ಮಂದಿ ಸ್ತ್ರೀಯರು ಬೇರೆ ಬೇರೆ ನಾಡುಗಳ ಉಡುಗೆ ತೊಡುಗೆಗಳಲ್ಲಿ ಒಟ್ಟಾಗಿ ಸೇರಿರುವುದನ್ನು ಈ ಸಂಚಾರದ ಫಲವೆಂದೇ ಎಣಿಸಬಹುದು.

ಅರಮನೆಗಳ ಚಿತ್ರಗಳನ್ನು ನೋಡುವ ಭಾಗ್ಯ ಎಷ್ಟು ಜನಕ್ಕೆ? ಜನರ ಬೇಡಿಕೆ ಹೆಚ್ಚಿತು. ಒಂದು ಕೈ ಎಷ್ಟು ಬರೆದೀತು! ಚಿತ್ರಗಳನ್ನು ಅಚ್ಚು ಹಾಕಿಸಿ ಹಂಚಬೇಕೆಂದು ದಿವಾನರಾಗಿದ್ದ ಸರ್ ಟಿ. ಮಾಧವರಾಯರು ಸೂಚಿಸಿದ್ದರು. ಅದರಂತೆ 1894ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ರವಿವರ್ಮರ ಮುದ್ರಣಾಲಯ ಸ್ಥಾಪಿತವಾಯಿತು. ಯಂತ್ರಗಳೂ ಅವುಗಳನ್ನು ನಡೆಸಬಲ್ಲ ಕುಶಲಿಗಳೂ ಜರ್ಮನಿಯಿಂದ ಬಂದರು. ಇದು ಕಲ್ಲಚ್ಚಿನ ಕೆಲಸ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಒಂದೇ ಹಾಳೆಯ ಮೇಲೆ ಒಂದಾದ ಮೇಲೊಂದು ಕಲ್ಲನ್ನು ಕೂದಲೆಳೆಯಷ್ಟೂ ತಪ್ಪದಂತೆ ಒತ್ತಬೇಕು. ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ. ತರುವಾಯ ಲಕ್ಷ್ಮಿ, ಸರಸ್ವತಿ, ಗಂಗಾವತರಣದ ಶಿವ ಮುಂತಾದ ಚಿತ್ರಗಳು ಸಾವಿರಗಟ್ಟಲೆ ಹೊರಬಂದವು.

ಈ ಕಾರ್ಯದ ಮಹತ್ವವನ್ನು ಅರಿಯಬೇಕಾದರೆ ಅಂದಿನ ಸಮಾಜಸ್ಥಿತಿಯನ್ನು ನೆನೆಯಬೇಕು. ಅಸಂಖ್ಯಾತ ಜನರಿಗೆ ಹುಟ್ಟಿನ ಕಾರಣದಿಂದ ದೇವಾಲಯದ ಬಾಗಿಲು ಮುಚ್ಚಿದ್ದಿತು. ರವಿವರ್ಮರ ತಿರುವಾಂಕೂರಿನಲ್ಲಿಯೇ ದೇವಾಲಯಗಳು ಎಲ್ಲ ಹಿಂದೂಗಳಿಗೆ ತೆರೆದದ್ದು 1936ರಲ್ಲಿ, ಅವರು ತೀರಿಕೊಂಡು 30 ವರ್ಷಗಳಾದ ಮೇಲೆ. ಗರ್ಭಗುಡಿಯ ಹತ್ತಿರ ಸುಳಿಯಲಾರದ ಮನುಷ್ಯನು ಈ ಅಚ್ಚಿನ ಚಿತ್ರವನ್ನು ಕೊಂಡು ತನ್ನ ಗುಡಿಸಲಿನ ಗೋಡೆಗೆ ಹಾಕಿಕೊಳ್ಳಬಹುದಾಗಿದ್ದಿತು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಮುದ್ರಣಾಲಯವನ್ನು ಕಟ್ಟಿದವರ ಉದ್ದೇಶ ಏನೇ ಇರಲಿ, ಫಲ ಇದಾಯಿತು.

ಆದರೆ ವ್ಯಾಪಾರವು ಕಲಾವಿದರಿಗೆ ಒಲಿಯಲಿಲ್ಲ. ಮುಂಬಯಿಗೆ ಪ್ಲೇಗು ತಗುಲಿತು, ಕೆಲಸಗಾರರು ಚದುರಿದರು. 1899ರ ಹೊತ್ತಿಗೆ ಮುದ್ರಣಾಲಯವನ್ನು ಲೋಣಾವಳದ ಸಮೀಪದ ಮಳವಳಿಗೆ ಸಾಗಿಸಿದರು. ಸಾಲ ಬೆಳೆಯಿತು. ಕೊನೆಗೆ 20ನೆಯ ಶತಮಾನದ ಆದಿಯ ವರ್ಷಗಳಲ್ಲಿ ಅದನ್ನು ಅಲ್ಲಿಯೇ ಕೆಲಸಕ್ಕಿದ್ದ ಫ್ರಿಟ್ಸ್ ಷ್ಲೈಷರ್ ಎಂಬ ಜರ್ಮನ್ ಕುಶಲಿಗೆ, ಅನೇಕ ಚಿತ್ರಗಳ ಮುದ್ರಣದ ಹಕ್ಕಿನೊಡನೆ, ಮಾರಿಬಿಡಬೇಕಾಯಿತು. ತಾವು ಬರೆದ ಚಿತ್ರಗಳು ಪರರ ಕೈಯಲ್ಲಿ ಅಚ್ಚಾಗುವುದನ್ನು ಅವರು ನೋಡಬೇಕಾಯಿತು. ರೂಪಾಯಿ ಆಣೆಗಳ ಲೆಕ್ಕದಲ್ಲಿ ಅದು ಸೋಲೇ ಸರಿ. ಇನ್ನೊಂದು ಕಡೆಯಿಂದ, ಅವರ ಶೈಲಿಯು ಪಾಶ್ಚಾತ್ಯರ ಅನುಕರಣೆ, ದೇವತೆಗಳನ್ನು ನಾಟಕದ ಪಾತ್ರಗಳಂತೆ ಬರೆದಿದ್ದಾರೆ ಎಂದು ಆನಂದ ಕುಮಾರಸ್ವಾಮಿಯವರೇ ಮೊದಲಾದ ವಿದ್ವಾಂಸರು ಕಟುವಾಗಿ ಟೀಕಿಸಿದರು. ಈ ಟೀಕೆಯಲ್ಲಿ ಸತ್ಯಾಂಶವಿಲ್ಲವೆನ್ನಲಾಗದು; ಅವರ ಕೆಲವು ಚಿತ್ರಗಳಲ್ಲಿ ಭಾವಕ್ಕಿಂತ ಆಡಂಬರ ಹೆಚ್ಚಾಗಿದೆ. ಆದರೂ ಕಿಳಿಮಾನೂರಿನ ಅಂಗಳದಲ್ಲಿ ಕಂಡ ಕಥಕಳಿಯನ್ನೂ ಕೇಳಿದ ಪುರಾಣವನ್ನೂ ನೆನೆದವರಿಗೆ, ಆ ನಾಟಕೀಯತೆ ಎಲ್ಲವೂ ಹೊರದೇಶದಿಂದ ತಂದದ್ದಲ್ಲವೆಂದು ತೋರದಿರದು.

ಅವರ ಕೊನೆಯ ದೊಡ್ಡ ಕೆಲಸ ನಮ್ಮ ನಾಡಿಗೆ ಸಂಬಂಧಿಸಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಅರಮನೆಗಾಗಿ ಪುರಾಣಪ್ರಸಂಗಗಳ ಚಿತ್ರಮಾಲೆಯೊಂದನ್ನು ಅವರಿಗೆ ಒಪ್ಪಿಸಿದ್ದರು. ಆ ಕೆಲಸ ನಡೆಯುತ್ತಿರುವಾಗಲೇ, 1905ರಲ್ಲಿ, ತಮ್ಮ ರಾಜರಾಜವರ್ಮನು ತೀರಿಕೊಂಡನು. ಅವನಿಗಿನ್ನೂ 45 ವರ್ಷ ತುಂಬಿರಲಿಲ್ಲ. ತಾನು ಕಲಿಸಿ ಬೆಳೆಸಿದ ತಮ್ಮ, ತನ್ನ ಚಿತ್ರಗಳಿಗೆ ಆಕಾಶವನ್ನು ಬರೆಯುತ್ತಿದ್ದವನು, ತನಗಿಂತ ಮುಂಚೆ ಹೊರಟುಹೋದನು. ಈ ಪೆಟ್ಟು ರವಿವರ್ಮರನ್ನು ಕುಗ್ಗಿಸಿತು. ಮಧುಮೇಹ ರೋಗವೂ ಮೊದಲೇ ದೇಹವನ್ನು ಹಿಡಿದಿದ್ದಿತು. ಆದರೂ ಒಪ್ಪಿಕೊಂಡ ಕೆಲಸವನ್ನು ಕೈಬಿಡಲಿಲ್ಲ. ಶ್ರೀರಾಮನು ಸಮುದ್ರರಾಜನ ಗರ್ವವನ್ನು ಮುರಿಯುವುದು, ಶ್ರೀಕೃಷ್ಣನು ಕೌರವಸಭೆಗೆ ಸಂಧಾನಕ್ಕೆ ಬರುವುದು ಮುಂತಾದ ಚಿತ್ರಗಳು ಈ ದುಃಖದ ದಿನಗಳಲ್ಲಿಯೇ ಸಿದ್ಧವಾದವು. ಬಳಿಕ ಅವರು ಹುಟ್ಟಿದ ಮನೆಗೆ ಹಿಂದಿರುಗಿದರು. 1906ನೆಯ ಇಸವಿ ಅಕ್ಟೋಬರ್ 2ರಂದು, ಬಾಲ್ಯದಲ್ಲಿ ಇದ್ದಲಿನಿಂದ ಗೋಡೆಗಳನ್ನು ಮಸಿ ಮಾಡಿದ್ದ ಆ ಕಿಳಿಮಾನೂರಿನಲ್ಲಿಯೇ, 58ನೆಯ ವಯಸ್ಸಿನಲ್ಲಿ ಕಾಲವಾದರು.

ಅವರ ಆಸ್ತಿ ಯಾರಿಗೆ ಹೋಯಿತು? ಆ ನಾಡಿನ ಕಟ್ಟಳೆಯಂತೆ ಅವರ ಸ್ವಂತ ಮಕ್ಕಳು ತಾಯಿಯ ಮನೆಯಾದ ಮಾವೇಲಿಕ್ಕರಕ್ಕೆ ಸೇರಿದವರು. ಕಿಳಿಮಾನೂರಿನ ಮನೆತನಕ್ಕೆ ಹಕ್ಕುದಾರರಲ್ಲ. ಆದರೆ ಎರಡನೆಯ ಬಗೆಯ ಆಸ್ತಿಗೆ ಆ ಕಟ್ಟಳೆ ನಡೆಯುವುದಿಲ್ಲವಷ್ಟೆ. ಮಗನಾದ ರಾಮವರ್ಮರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮಾಡಿ ಚಿತ್ರಕಾರರಾದರು; 1915ರಲ್ಲಿ ಮಾವೇಲಿಕ್ಕರದಲ್ಲಿ ತಂದೆಯ ಹೆಸರಿನಿಂದ ಚಿತ್ರಶಾಲೆಯೊಂದನ್ನು ತೆರೆದು ಊರಮಕ್ಕಳಿಗೆಲ್ಲ ಆ ವಿದ್ಯೆಯನ್ನು ಸುಲಭಗೊಳಿಸಿದರು. ತಂಗಿ ಮಂಗಳಾಬಾಯಿಯವರೂ ಕುಂಚ ಹಿಡಿದವರೇ. ಅಣ್ಣಂದಿರಂತೆ ದೇಶ ಸುತ್ತುವ, ಪ್ರದರ್ಶನಗಳಲ್ಲಿ ಹೆಸರು ಪಡೆಯುವ ಅವಕಾಶ ಅಂದಿನ ಸ್ತ್ರೀಗೆ ದೊರೆಯಲಿಲ್ಲ. ಆದರೂ ಅವರು ಬರೆದ ರವಿವರ್ಮರ ಭಾವಚಿತ್ರವು ತಿರುವನಂತಪುರದಲ್ಲಿ ಉಳಿದಿದೆ. ಲೋಕದ ಮುಖಗಳನ್ನೆಲ್ಲ ಬರೆದ ಅಣ್ಣನ ಮುಖವನ್ನು ಮನೆಯೊಳಗಿನ ತಂಗಿಯು ಬರೆದಿಟ್ಟಳು. 1979ರಲ್ಲಿ ಭಾರತ ಸರಕಾರವು ರವಿವರ್ಮರ ಕೃತಿಗಳನ್ನು ರಾಷ್ಟ್ರದ ಕಲಾಸಂಪತ್ತೆಂದು ಸಾರಿ, ಅವು ದೇಶವನ್ನು ಬಿಟ್ಟು ಹೋಗದಂತೆ ಕಟ್ಟು ಮಾಡಿತು. ಒಂದು ಮನೆಯ ಆಸ್ತಿ ಇಡೀ ದೇಶದ ಆಸ್ತಿಯಾಯಿತು.

ಸೋದರಮಾವ ರಾಜರಾಜವರ್ಮರು ಬರೆದ ಚಿತ್ರಗಳನ್ನು ಇಂದು ಬಲ್ಲವರಿಲ್ಲವೆಂದೇ ಹೇಳಬೇಕು. ಅವರ ಹೆಸರು ಬರುವುದು ಅಳಿಯನ ಚರಿತ್ರೆಯ ಮೊದಲ ಪುಟದಲ್ಲಿ ಮಾತ್ರ. ಆದರೆ ಅವರು ಮಾಡಿದ್ದು ಸಣ್ಣ ಕೆಲಸವಲ್ಲ. ಮಗುವಿನಲ್ಲಿರುವುದನ್ನು ಕಂಡರು, ತನ್ನಲ್ಲಿರುವುದನ್ನು ಕೊಟ್ಟರು, ತನ್ನಲ್ಲಿಲ್ಲದುದು ಎಲ್ಲಿದೆಯೋ ಅಲ್ಲಿಗೆ ಕೈಹಿಡಿದು ಮುಟ್ಟಿಸಿದರು. ಈ ಮೂರರಲ್ಲಿ ಮೊದಲನೆಯದಕ್ಕೆ ಕಣ್ಣು ಬೇಕು, ಎರಡನೆಯದಕ್ಕೆ ಔದಾರ್ಯ ಬೇಕು, ಮೂರನೆಯದಕ್ಕೆ ನಾನೆಂಬುದನ್ನು ಬಿಡುವ ಮನಸ್ಸು ಬೇಕು.

ಸದ್ಗೃಹಸ್ಥರು ಮಕ್ಕಳಿಗಾಗಿ ಆಸ್ತಿ ಕೂಡಿಡಲು ಹಗಲಿರುಳು ಶ್ರಮಿಸುತ್ತಾರೆ. ಅದು ತಪ್ಪೇನೂ ಅಲ್ಲ. ಅದರ ಜತೆಗೆ, ನಮ್ಮ ಮನೆಗಳಲ್ಲಿ ಹಾಡಬಲ್ಲ ಅತ್ತೆ, ಕೆತ್ತಬಲ್ಲ ಚಿಕ್ಕಪ್ಪ, ಕಥೆ ಹೇಳಬಲ್ಲ ಅಜ್ಜಿ ಇರುವರಲ್ಲವೆ? ಅವರ ಬಳಿಯಲ್ಲಿ ಮಕ್ಕಳು ಕೆಲಹೊತ್ತು ಕುಳಿತುಕೊಳ್ಳುವಂತೆ ಮಾಡಿದರೆ ಖರ್ಚಿಲ್ಲದೆ ಒಂದು ಆಸ್ತಿ ಕೈಸೇರುತ್ತದೆ. ಇನ್ನು ಹೊಸದಾಗಿ ಸುಣ್ಣ ಬಳಿಸಿದ ಗೋಡೆಯ ಮೇಲೆ ಎಳೆಯ ಕೈಯೊಂದು ಇದ್ದಲಿನಿಂದ ಗೀಚಿದುದು ಕಂಡರೆ, ಬಡಿಯಲು ಕೈಯೆತ್ತುವ ಮೊದಲು ಒಂದು ನಿಮಿಷ ನಿಂತು ಆ ಗೆರೆಯನ್ನು ಸರಿಯಾಗಿ ನೋಡುವುದು ಒಳ್ಳೆಯದು. ಸುಣ್ಣವನ್ನು ಮತ್ತೆ ಬಳಿಸಬಹುದು.